ಗೀರು ಹಾಕಿದ ಲೋಟ

ಲೋಟಕ್ಕೆ ಮೊಳೆಯಿಂದ ಗೀರು ಹಾಕಿದ್ದೇನೆ.
ಆ ಗೀರಿನ ತನಕ, ದಿನಕ್ಕೆ ನಾಲ್ಕು ಸಲ,
ಅಷ್ಟೇ ನೀರು ಲಾ ಮಂಟಿಗೆ.
ಸಾರು ಸೇರಿ, ಚಹಾ ಸೇರಿ,
ಮಾತ್ರೆ ನುಂಗುವ ಗುಟುಕೂ ಸೇರಿ.

ಈ ಮನುಷ್ಯ ಮದುವೆಗೆ ಮುಂಚೆ
ನನಗೆ ತೋರಿಸಲೆಂದೇ ಜೆಟ್ಟಿಯ ತುದಿಯಿಂದ ಹಾರಿದವನು.
ಎಣಿಸುತ್ತ ನಿಂತಿದ್ದೆ.
ನೂರಾ ಎಂಬತ್ತಕ್ಕೆ ಅಳು ಬಂತು.
ಇನ್ನೂರಾ ಆರಕ್ಕೆ ಮೇಲೆದ್ದ,
ಕೈಯಲ್ಲೊಂದು ಕಡಲಸೌತೆ, ಮುಖದ ತುಂಬ ಹಲ್ಲು.

ಸುಲಾವೆಸಿಯ ನಕಾಶೆಯಲ್ಲಿ ನಮ್ಮ ದ್ವೀಪ
ನೊಣ ಕೂತಷ್ಟು.
ಅದನ್ನೂ ಹುಡುಕಿಕೊಂಡು ಬಂದರು, ಗುಡ್ಡದ ತಲೆ ಬೋಳಿಸಿದರು.
ಲಾರಿ ಬಂತು, ಬಾರ್ಜು ಬಂತು,
ನಮ್ಮ ಮನೆಗೆ ತಗಡಿನ ಸೂರೂ ಬಂತು.
ಸುಳ್ಳು ಹೇಳುವುದಿಲ್ಲ, ಸೂರಿನ ದುಡ್ಡು ಅವರದೇ.

ಮಳೆ ಬಿದ್ದ ದಿನ ಹೊಳೆ ಇಟ್ಟಿಗೆಯ ಬಣ್ಣ.
ಕೊಡದಲ್ಲಿ ಹಿಡಿದು ಒಂದು ರಾತ್ರಿ ಬಿಟ್ಟರೆ
ಕೆಂಪು ತಳಕ್ಕಿಳಿದು ಮೇಲೆ ತಿಳಿ.
ತಿಳಿ ಎಂದರೆ ಚೊಕ್ಕ ಅಂದುಕೊಂಡೆವು.
ಸೋಸಿದೆವು, ಕುದಿಸಿದೆವು, ಕುಡಿದೆವು,
ಹನ್ನೊಂದು ವರ್ಷ.
ಕುದಿಸಿದರೆ ಹುಳ ಸಾಯುತ್ತದೆ ಇಬೂ, ಲೋಹ ಎಲ್ಲಿಗೆ ಹೋಗಬೇಕು?
ಎಂದು ಕೇಳಿದವಳು ಬಾಟಲಿ ಹಿಡಿದು ಬಂದ ಹುಡುಗಿ,
ಕೆಂದಾರಿಯ ಕಾಲೇಜಿನವಳು, ಫಿತ್ರಿಯಾನಿ.
ಹೊಳೆಯಿಂದ ಮೂರು ಬಾಟಲಿ, ಮಸೀದಿಯ ಬಾವಿಯಿಂದ ಒಂದು,
ನನ್ನ ಕೊಡದಿಂದ ಒಂದು.
ನಿಕ್ಕಲ್ ಅಂದಳು.
ನಿಮ್ಮ ಚಮಚ ಹೊಳೆಯುತ್ತದಲ್ಲ, ಅದರಲ್ಲೂ ಇದೆ ಅಂದಳು.
ಅವತ್ತಿನಿಂದ ಚಮಚ ತೊಳೆಯುವಾಗ
ಅದರ ಬೆನ್ನಲ್ಲಿ ನನ್ನನ್ನು ನೋಡುತ್ತೇನೆ:
ಮೂಗು ದೊಡ್ಡದು, ಹಿಂದಿನ ಗುಡ್ಡ ಚಿಕ್ಕದು.

ಮೊದಲು ಗೊತ್ತಾದದ್ದು ನೊರೆಯಿಂದ.
"ಉಚ್ಚೆ ಹೊಯ್ದರೆ ಮೋಟಾರು ದೋಣಿಯ ಹಿಂದೆ ಏಳುವ ಹಾಗೆ ಏಳುತ್ತದೆ ಕಣೇ"
ಅಂತ ನಕ್ಕ. ನಾನೂ ನಕ್ಕೆ.
ಆಮೇಲೆ ಚಪ್ಪಲಿ ಹಿಡಿಸಲಿಲ್ಲ.
ಆಮೇಲೆ ಉಂಗುರ ಕತ್ತರಿಸಬೇಕಾಯಿತು.
ಬೆನ್ನಿನ ಎರಡು ಮಗ್ಗುಲಿಗೆ ಮುಷ್ಟಿಯಷ್ಟು ಎರಡು ಸೋಸುಬಟ್ಟೆ,
ಹೊಲಿಗೆ ಹಿಡಿಯದಷ್ಟು ಜೀರ್ಣವಾಗಿವೆ ಅಂದರು ಡಾಕ್ಟರು.

ನೀರಿನಿಂದಲೇ?
ಡಾಕ್ಟರು ಕಿಟಕಿ ನೋಡಿದರು.
ಬಿಪಿ ಇರಬಹುದು, ಸಕ್ಕರೆ ಇರಬಹುದು,
ನೋವಿನ ಮಾತ್ರೆ ಜಾಸ್ತಿ ನುಂಗಿರಬಹುದು.
ನೀರೂ ಇರಬಹುದು.
ಇರಬಹುದು ಎಂಬ ಮಾತಿಗೆ
ಯಾವ ಕಚೇರಿಯಲ್ಲೂ ಅರ್ಜಿ ನಮೂನೆ ಇಲ್ಲ.
ಬಾಟಲಿಗಳ ವರದಿ ಬರಲಿಲ್ಲ.
ಹುಡುಗಿಯ ಫೋನು ರಿಂಗಾಗುತ್ತದೆ, ರಿಂಗಾಗುತ್ತಲೇ ಇರುತ್ತದೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ತಿಂದವರು ಯಾರೋ.
ಇವನಿಗೆ ಉಪ್ಪೂ ಬಂದು, ನೀರೂ ಬಂದು.

ಮಂಗಳವಾರ, ಶುಕ್ರವಾರ ನಸುಕಿನ ಲಾಂಚು, ಆಮೇಲೆ ಬಸ್ಸು,
ನಾಲ್ಕು ತಾಸು ಯಂತ್ರ.
ಅವನ ರಕ್ತ ಕೊಳವೆಯಲ್ಲಿ ಊರು ಸುತ್ತಿ
ತಣ್ಣಗೆ ಮನೆಗೆ ಮರಳುತ್ತದೆ.
ಪಕ್ಕದ ಹಾಸಿಗೆ ವಾ ನಿಯಾಳದು, ಎದುರು ದಂಡೆಯವಳು,
ಮೂವತ್ತೊಂದು ವರ್ಷ.
ಮಾತಾಡಿದರೆ ಬಾಯಾರುತ್ತದೆಂದು
ಆ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ.

ರಾತ್ರಿ, ನೆಲಹಲಗೆಯ ಕೆಳಗೆ ಉಬ್ಬರದ ನೀರು
ಕಂಬ ನೆಕ್ಕುವ ಸದ್ದು.
"ಸುಮಿಯಾ, ಒಂದು ಗುಟುಕು."
ನಾಲ್ಕೂ ಮುಗಿದಿವೆ. ಗೀರು ಹಾಕಿದ ಕೈ ನನ್ನದೇ.
ಅಂಗಡಿಯಿಂದ ಕೊಂಡ ನೀರಿನ ಐಸು,
ಹೆಬ್ಬೆರಳ ಗೆಣ್ಣಿನಷ್ಟು, ನಾಲಗೆಯ ಮೇಲಿಡುತ್ತೇನೆ.
ಬಾಯಿ ಮುಚ್ಚುತ್ತಾನೆ, ಕಣ್ಣು ಮುಚ್ಚುತ್ತಾನೆ,
ಜೆಟ್ಟಿಯಿಂದ ಹಾರುವ ಮುಂಚಿನ ಅದೇ ಮುಖ.
ನಾನು ಎಣಿಸುತ್ತೇನೆ.

ನಿನ್ನೆ ತೊಂಬತ್ತೆರಡಕ್ಕೆ ಕರಗಿತ್ತು.
ಇವತ್ತು ತುಂಡು ಕೊಂಚ ದೊಡ್ಡದನ್ನೇ ಆರಿಸಿದ್ದೆ,
ಡಾಕ್ಟರಿಗೆ ಹೇಳಬೇಡಿ.
ನೂರಾ ಹದಿನಾಲ್ಕು.
ನೂರಾ ಹದಿನೈದು.